ಸೀಟಿ ಮಾಮನ ಸೀಟಿ

“ತಳ್ಳೋದಲ್ಲ ಮಾಮ, ಎತ್ತೋದು. ತಿರುವಲ್ಲೂ ತಳ್ತಾ ಇದ್ರೆ ಗಾಡಿ ಸೀದಾ ಟೈಲರ್ ಆಂಟಿ ಅಂಗಡಿಗೆ ನುಗ್ಗುತ್ತೆ,” ಎಂದಳು ಬುಗುರಿ.

“ಎತ್ತೋದಾ? ಇಷ್ಟು ದೊಡ್ಡ ಗಾಡೀನಾ?” ಸೀಟಿ ಮಾಮ ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಹಿಂದಿನ ಎರಡು ಚಕ್ರ ಮಾತ್ರ. ಇದಕ್ಕೆ ಸ್ಟೇರಿಂಗ್ ಇಲ್ವಲ್ಲ. ಹಿಂದೆ ಎತ್ತಿ, ಸುಯ್ ಅಂತ ತಿರುಗಿಸಿ, ಇಳಿಸ್ಬೇಕು. ನಮ್ಮಣ್ಣ ಕಣ್ಣು ಮುಚ್ಕೊಂಡು ಮಾಡ್ತಾನೆ.”

ಅಣ್ಣ ಗಾಡಿಯ ಆ ಬದಿಯಲ್ಲಿ ಕೂತು ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ಸೀಟಿ ಮಾಮನ ಪೊಲೀಸ್ ಅಂಗಿಯ ಕಡೆಗೆ ಅವನು ಒಮ್ಮೆಯೂ ಕಣ್ಣೆತ್ತಿರಲಿಲ್ಲ.

ನಿಂತಲ್ಲಿ ನಿಲ್ಲದೆ ಸುತ್ತುವ ಹುಡುಗಿಗೆ ಬೀದಿಯವರು ಇಟ್ಟ ಹೆಸರು ಬುಗುರಿ. ಇವತ್ತಂತೂ ಅವಳನ್ನು ಹಿಡಿಯುವವರೇ ಇರಲಿಲ್ಲ. ಇವತ್ತು ತಳ್ಳುಗಾಡಿ ರೇಸು. ಒಂದು ಗಾಡಿಗೆ ಇಬ್ಬರು: ಬೀದಿಯ ಹುಡುಗ ಒಬ್ಬ, ಸ್ಟೇಷನ್ನಿನ ಪೊಲೀಸ್ ಒಬ್ಬರು. ಯಾರಿಗೆ ಯಾರು ಜೋಡಿ ಅಂತ ಚೀಟಿ ಎತ್ತಿ ಆಗಿತ್ತು. ಅಣ್ಣನ ಚೀಟಿಯಲ್ಲಿ ಬಂದದ್ದು ಸೀಟಿ ಮಾಮ. ಪ್ರತಿ ಗಾಡಿಯ ಮೇಲೂ ಒಂದು ಕುಂಬಳಕಾಯಿ. ಅದನ್ನು ಕಟ್ಟುವಂತಿಲ್ಲ, ಮುಟ್ಟುವಂತಿಲ್ಲ. ಬಿದ್ದರೆ ಔಟ್. ಬೀದಿಯ ತುದಿಯಿಂದ ಸ್ಟೇಷನ್ ಗೇಟಿನವರೆಗೆ ಹೋಗಿ ವಾಪಸ್ ಬರಬೇಕು.

ಈ ಐಡಿಯಾ ಟೈಲರ್ ಆಂಟಿಯದು. ಕುಂಬಳಕಾಯಿಯೂ ಆಂಟಿಯದೇ. ಅವರು ಅದನ್ನು ಗಾಡಿಯ ಮೇಲೆ ಇಡುತ್ತಿದ್ದಂತೆ ಸೀಟಿ ಮಾಮ ಭುಜದ ಧೂಳು ಕೊಡವಿಕೊಂಡರು.

“ಏನ್ ಸಾರ್, ಕುಂಬಳಕಾಯಿ ಕಂಡ ತಕ್ಷಣ ಹೆಗಲು ಮುಟ್ಕೊಳ್ತೀರಿ?” ಎಂದರು ಆಂಟಿ.

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಸೀಟಿ ಮಾಮನೂ ನಕ್ಕರು. ಅಣ್ಣನ ತುಟಿಯೂ ಒಂಚೂರು ಅಲುಗಿತು. ಬುಗುರಿ ಅದನ್ನು ನೋಡಿಬಿಟ್ಟಳು.

ಅಣ್ಣ ನಕ್ಕು ಎಷ್ಟೋ ತಿಂಗಳಾಗಿತ್ತು. ಬೇಸಿಗೆಯಲ್ಲಿ ಗಲಾಟೆ ಆಗಿತ್ತು. ತಳ್ಳುಗಾಡಿಗಳು ಬೀದಿಯಿಂದ ಎದ್ದು ಹೋಗಬೇಕು ಅಂತ ಆದೇಶ ಬಂದಾಗ, ಹುಡುಗರು ಗಾಡಿಗಳನ್ನೇ ರಸ್ತೆಗೆ ಅಡ್ಡ ನಿಲ್ಲಿಸಿದ್ದರು. ಪೊಲೀಸರು ಸೀಟಿ ಊದಿದರು. ಆಮೇಲೆ ಕಲ್ಲು, ಲಾಠಿ, ಓಟ. ಅಣ್ಣನ ಬಲಗೈ ಮುರಿಯಿತು. ಸೀಟಿ ಮಾಮನ ಹುಬ್ಬಿಗೆ ಹೊಲಿಗೆ ಬಿತ್ತು.

ಕೊನೆಗೆ ಗಾಡಿಗಳೇನೋ ಬೀದಿಯಲ್ಲೇ ಉಳಿದವು. ಆದರೆ ಅಣ್ಣ ಒಳಗಿನ ಕೋಣೆ ಸೇರಿದವನು ಹೊರಗೆ ಬರಲಿಲ್ಲ. ಕೈ ಕೂಡಿಕೊಂಡರೂ ಗಾಡಿ ಮುಟ್ಟಲಿಲ್ಲ. ಹಣ್ಣಿನ ಗಾಡಿಯನ್ನು ಅಮ್ಮ ಒಬ್ಬಳೇ ಏದುಸಿರು ಬಿಡುತ್ತಾ ತಳ್ಳುತ್ತಿದ್ದಳು. ಸ್ಕೂಲಿನ ಕ್ರಾಸಿಂಗಿನಲ್ಲಿ ಹಕ್ಕಿಯ ಹಾಗೆ ಸೀಟಿ ಊದಿ ಮಕ್ಕಳನ್ನು ದಾಟಿಸುತ್ತಿದ್ದ ಸೀಟಿ ಮಾಮ ಈಗ ಬರೀ ಕೈ ಆಡಿಸುತ್ತಿದ್ದರು. ಹೆಸರು ಮಾತ್ರ ಹಾಗೇ ಉಳಿದಿತ್ತು.

ಇವತ್ತು ಅಣ್ಣನನ್ನು ಹೊರಡಿಸಲು ಅಮ್ಮನಿಗೆ ಸಾಕುಬೇಕಾಗಿ ಹೋಗಿತ್ತು. “ಒಂದೇ ರೌಂಡ್. ಏನಾದ್ರೂ ಎಡವಟ್ಟಾದ್ರೆ ಒಳಗೆ ಹೋಗ್ತೀನಿ. ಆಮೇಲೆ ನನ್ನ ಕರೀಬಾರ್ದು,” ಎಂದಿದ್ದ.

“ಆಯ್ತಪ್ಪಾ,” ಎಂದ ಅಮ್ಮ ಬುಗುರಿಯ ಕಿವಿ ಹಿಂಡಿದ್ದಳು. “ನೀನು ಬಾಲ ಬಿಚ್ಬೇಡ.”

ಟೈಲರ್ ಆಂಟಿ ಸ್ಟೂಲಿನ ಮೇಲೆ ಹತ್ತಿ ಕೆಂಪು ಬಟ್ಟೆ ಎತ್ತಿದರು. ಅದನ್ನು ಬೀಸಿದ ಕೂಡಲೇ ಓಟ ಶುರು ಅಂತ ಮಾತಾಗಿತ್ತು. ಆದರೆ ನೋಡುವವರು ಯಾರು? ಒಂದು ಗಾಡಿ ಅಡ್ಡ ತಿರುಗಿತ್ತು. ಇನ್ನೊಂದರ ಕುಂಬಳಕಾಯಿ ಆಗಲೇ ಉರುಳಿ, ಅದರ ಹಿಂದೆ ಪೊಲೀಸರೊಬ್ಬರು ಓಡುತ್ತಿದ್ದರು. ಆಂಟಿ ಬಟ್ಟೆ ಬೀಸಿದರು. ಒಂದು ಗಾಡಿ ಹೊರಟು, ಯಾರೂ ಬರುತ್ತಿಲ್ಲ ಅಂತ ನಿಂತಿತು. ಆಂಟಿ ಮತ್ತೆ ಬೀಸಿದರು.

“ಈ ಕಡೆ ನೋಡ್ರೋ,” ಎಂದು ಬುಗುರಿ ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಸ್ಕೂಲಿನ ಓಟದ ಪ್ರಾಕ್ಟೀಸಿಗೆ ಪಿ.ಟಿ. ಸರ್ ಕೊಟ್ಟಿದ್ದ ಸೀಟಿ ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಕೈ ಅದನ್ನು ಹಿಡಿಯಿತು. ಬಾಯಿ ಊದಿತು.

ಪೀ...

ಧಡ್. ಮೂಲೆಯಂಗಡಿಯ ಶಟರ್ ಇಳಿಯಿತು. ಧಡ್, ಧಡ್. ಬೇಕರಿ, ಔಷಧಿ ಅಂಗಡಿ. ಧಡಾರ್. ಟೈಲರ್ ಆಂಟಿಯೂ ಸ್ಟೂಲಿನಿಂದ ಹಾರಿ ಒಳಗೆ ಹೋದರು. ಅಮ್ಮಂದಿರು ಸಿಕ್ಕಸಿಕ್ಕ ಮಕ್ಕಳನ್ನು ಎಳೆದುಕೊಂಡರು. ನೋಡನೋಡುತ್ತಾ ಬೀದಿ ಖಾಲಿ. ಒಂದು ಕುಂಬಳಕಾಯಿ ಮಾತ್ರ ಇಳಿಜಾರಿನಲ್ಲಿ ತನ್ನ ಪಾಡಿಗೆ ಉರುಳುತ್ತಿತ್ತು.

ಬೇಸಿಗೆಯ ಆ ದಿನದಿಂದ ಈ ಬೀದಿಯಲ್ಲಿ ಸೀಟಿ ಕೇಳಿದರೆ ಶಟರ್ ಇಳಿಯುತ್ತಿತ್ತು. ಹೀಗೆ ಮಾಡಿ ಅಂತ ಯಾರೂ ಯಾರಿಗೂ ಹೇಳಿರಲಿಲ್ಲ. ಕೈಗಳಿಗೇ ಗೊತ್ತಾಗಿಬಿಟ್ಟಿತ್ತು.

ಯಾರೋ ಬುಗುರಿಯ ತೋಳು ಹಿಡಿದು ಗಾಡಿಯ ಕೆಳಕ್ಕೆ ಎಳೆದರು. ಅಣ್ಣ. ಅವನ ಎದೆ ಡವಡವ ಹೊಡೆದುಕೊಳ್ಳುವುದು ಅವಳ ಬೆನ್ನಿಗೆ ತಿಳಿಯುತ್ತಿತ್ತು.

ಗಾಡಿಯ ಕೆಳಗೆ ಆಗಲೇ ಇನ್ನೊಬ್ಬರಿದ್ದರು. ಸೀಟಿ ಮಾಮ. ಅಷ್ಟು ಎತ್ತರದ ಮನುಷ್ಯ ಮೊಣಕಾಲು ಮಡಚಿ, ಎರಡೂ ಕೈಯಿಂದ ಹುಬ್ಬು ಮುಚ್ಚಿಕೊಂಡು ಕೂತಿದ್ದರು. ಟೋಪಿ ಎಲ್ಲೋ ಬಿದ್ದುಹೋಗಿತ್ತು.

“ನಾನೇ ಊದಿದ್ದು,” ಬುಗುರಿ ಸೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ರೇಸ್ ಶುರು ಆಗ್ಲಿ ಅಂತ.”

ಇಬ್ಬರೂ ಬೈಯಲಿಲ್ಲ. ಸೀಟಿ ಮಾಮ ನಿಧಾನವಾಗಿ ಕೈ ಇಳಿಸಿದರು. ಅಣ್ಣ ಮೊದಲ ಸಲ ಅವರ ಮುಖ ನೋಡಿದ.

“ಪೊಲೀಸರೂ ಅವಿತ್ಕೊಳ್ತಾರಾ?” ಎಂದ.

“ಗಾಡಿ ಕೆಳಗೆ ಜಾಗ ಇದ್ರೆ,” ಎಂದರು ಸೀಟಿ ಮಾಮ. ಜೇಬಿನಿಂದ ತಮ್ಮ ಸೀಟಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. “ಅವತ್ತಿಂದ ಇದು ಇಲ್ಲೇ ಇದೆ. ಬಾಯಿಗೆ ಇಟ್ರೆ ಹಲ್ಲು ಕಟಕಟ ಅನ್ನುತ್ತೆ.”

ಸೀಟಿ ಮಾಮ ಅದನ್ನು ಮತ್ತೆ ಜೇಬಿಗೆ ಸೇರಿಸಿದರು.

“ಅವತ್ತು ನಾನು ಲಾಠಿ ಬೀಸಿದೆ. ಹೆದರಿದ್ದೆ. ಯಾರಿಗೆ ಬಿತ್ತು ಅಂತ ನೋಡ್ಲಿಲ್ಲ,” ಎಂದರು ಅವರು. “ನೋಡ್ಬೇಕಿತ್ತು.”

ಅಣ್ಣ ತನ್ನ ಬಲಗೈಯನ್ನು ಎಡಗೈಯಿಂದ ಸವರಿಕೊಂಡ.

“ನಾನೂ ಎಸೆದೆ ಸಾರ್. ಒಂದೇ ಒಂದು. ಎಲ್ಲಿ ಬಿತ್ತು ಅಂತ ನೋಡ್ದೆ ಓಡ್ಬಿಟ್ಟೆ.”

ಬುಗುರಿ ಥಟ್ಟನೆ ಅಣ್ಣನ ಕಡೆ ತಿರುಗಿದಳು. ಕಲ್ಲು ಮುಟ್ಟಿಯೇ ಇಲ್ಲ ಅಂತ ಅಣ್ಣ ಅಮ್ಮನ ಮುಂದೆ ಎಷ್ಟು ಸಲ ಹೇಳಿದ್ದ.

ಅಣ್ಣ ತೆವಳಿ ಹೊರಗೆ ಹೋದ. ಎದ್ದು ನಿಂತು ಮನೆಯ ಕಡೆ ನೋಡಿದ. ಮುಗೀತು, ಇನ್ನು ಒಳಗೆ ಹೋಗ್ತಾನೆ, ಎಲ್ಲಾ ನನ್ನಿಂದಲೇ ಅಂದುಕೊಂಡಳು ಬುಗುರಿ.

ಅವನು ಬಗ್ಗಿ ಅವಳನ್ನು ನೋಡಿದ. “ಏನ್ ಕೂತಿದ್ದೀಯ? ಹೋಗಿ ಐಸ್ ತಾತನ ಗಂಟೆ ಬಾರಿಸು.”

ಬುಗುರಿ ಬಾಣದ ಹಾಗೆ ಓಡಿದಳು. ಐಸ್ ಕ್ಯಾಂಡಿ ಮಾರುವ ತಾತ ತಮ್ಮ ಡಬ್ಬಿಯ ಹಿಂದೆ ಕೂತಿದ್ದರು.

“ಐಸ್ ಖಾಲಿ ಕಣಮ್ಮಾ,” ಎಂದರು.

“ಗಂಟೆ ಸಾಕು ತಾತ.”

ಟಿಣ್ ಟಿಣ್ ಟಿಣ್ ಟಿಣ್. ಬುಗುರಿ ಕೈ ಸೋಲುವಷ್ಟು ಬಾರಿಸಿದಳು. ಬೇಕರಿಯ ಶಟರ್ ಒಂದು ಗೇಣು ಮೇಲೆದ್ದಿತು. ಅದರ ಕೆಳಗಿನಿಂದ ಒಂದು ಪುಟ್ಟ ಮೂಗು ಇಣುಕಿತು.

“ಐಸಾ?”

ಯಾರೋ ನಕ್ಕರು. ಇನ್ನೊಂದು ಶಟರ್ ಎದ್ದಿತು, ಮತ್ತೊಂದು. ಬುಗುರಿ ಸ್ಟೂಲಿನ ಮೇಲೆ ಹತ್ತಿದಳು.

“ಸೀಟಿ ಊದಿದ್ದು ನಾನು. ಸಾರಿ. ರೇಸ್ ಇನ್ನೂ ಇದೆ. ಗಂಟೆ ಹೊಡೆದ್ರೆ ಓಡಿ.”

“ಮೊದಲೇ ಗಂಟೆ ಹೊಡೆಯೋಕೆ ಏನಾಗಿತ್ತು ನಿಂಗೆ?” ಎಂದು ಟೈಲರ್ ಆಂಟಿ ಎದೆ ನೀವಿಕೊಳ್ಳುತ್ತಾ ಹೊರಗೆ ಬಂದರು.

ಗಾಡಿಗಳು ಸಾಲಾದವು. ಉರುಳಿ ಹೋಗಿದ್ದ ಕುಂಬಳಕಾಯಿ ವಾಪಸ್ ಬಂತು. ಟಿಣ್.

ಬೀದಿಯೇ ಗಡಗಡ ಎಂದಿತು. ಚಕ್ರಗಳು ಕಿರುಚಿದವು, ಬೂಟುಗಳೂ ಚಪ್ಪಲಿಗಳೂ ಒಟ್ಟಿಗೆ ಬಡಿದವು. ಬುಗುರಿ ಗಂಟೆಯನ್ನು ಕೈಯಲ್ಲೇ ಹಿಡಿದು ಪಕ್ಕದಲ್ಲೇ ಓಡಿದಳು. ಒಂದು ಗಾಡಿಯ ಕುಂಬಳಕಾಯಿ ಬಿದ್ದು ಹೋಳಾಯಿತು. ಗೇಟು ಮುಟ್ಟಿ ತಿರುಗಿದಾಗ ಅಣ್ಣನ ಗಾಡಿ ಎರಡನೆಯದು. ಟೈಲರ್ ಅಂಗಡಿಯ ತಿರುವು ಬಂತು. ಮುಂದಿದ್ದ ಗಾಡಿಯವರು ತಳ್ಳುತ್ತಲೇ ಹೋಗಿ ಆಂಟಿಯ ಸ್ಟೂಲಿಗೆ ಗುದ್ದಿದರು.

“ಎತ್ತಿ ಸಾರ್,” ಎಂದ ಅಣ್ಣ.

ಸೀಟಿ ಮಾಮ ಹಲ್ಲು ಕಚ್ಚಿ ಎತ್ತಿದರು. ಅಣ್ಣ ಸುಯ್ ಎಂದು ತಿರುಗಿಸಿದ. ಕುಂಬಳಕಾಯಿ ಅಂಚಿಗೆ ಜಾರಿತು. ಮರುಕ್ಷಣ ಅಣ್ಣನ ಬಲಗೈ, ಎಷ್ಟೋ ತಿಂಗಳಿಂದ ಸುಮ್ಮನೆ ನೇತಾಡುತ್ತಿದ್ದ ಕೈ, ಚಾಚಿ ಅದನ್ನು ಹಿಡಿಯಿತು.

ಗೆರೆ ಮೊದಲು ದಾಟಿದ್ದು ಅವರ ಗಾಡಿಯೇ. ಆದರೆ ಟೈಲರ್ ಆಂಟಿ ಬೆರಳು ಎತ್ತಿದರು. “ಮುಟ್ಟಿದ್ರಿ. ಔಟ್.”

“ಮುಟ್ಟಿದ್ದಲ್ಲ ಆಂಟಿ, ತಾಗಿದ್ದು,” ಎಂದ ಅಣ್ಣ.

“ಹೌದಮ್ಮಾ, ನಾನೇ ಸಾಕ್ಷಿ. ಅದೇ ಬಂದು ಇವನ ಕೈಗೆ ಬಿತ್ತು,” ಎಂದರು ಸೀಟಿ ಮಾಮ.

“ಪೊಲೀಸರೇ ಸುಳ್ಳು ಸಾಕ್ಷಿ ಹೇಳಿದ್ರೆ ಇನ್ನೇನು ಗತಿ?”

ಇಬ್ಬರೂ ಒಟ್ಟಿಗೆ ವಾದಿಸಿದರು, ಒಟ್ಟಿಗೆ ಸೋತರು. ಅಮ್ಮ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕುಂಬಳಕಾಯಿಯನ್ನು ಇನ್ನೂ ಅಪ್ಪಿ ಹಿಡಿದಿದ್ದ ಮಗನ ಬಲಗೈಯನ್ನೇ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಕ್ರಾಸಿಂಗಿನಲ್ಲಿ ಲಾರಿಯೊಂದು ಜೋರಾಗಿ ಬರುತ್ತಿತ್ತು. ಬುಗುರಿ ಮಕ್ಕಳ ಗುಂಪಿನಲ್ಲಿ ಕಾಯುತ್ತಿದ್ದಳು. ಸೀಟಿ ಮಾಮ ಜೇಬಿಗೆ ಕೈ ಹಾಕಿದರು. ಸೀಟಿಯನ್ನು ಬೀದಿಗೆಲ್ಲ ಕಾಣುವಂತೆ ಎತ್ತಿ ಹಿಡಿದರು. ಆಮೇಲೆ ಮೆಲ್ಲಗೆ ಒಂದು ಸಲ ಊದಿದರು.

ಲಾರಿ ನಿಂತಿತು. ಮೂಲೆಯಂಗಡಿಯ ಶಟರ್ ಧಡ್ಡೆಂದು ಅರ್ಧ ಇಳಿಯಿತು. ಅಮ್ಮನ ಗಾಡಿ ತಳ್ಳುತ್ತಾ ಬರುತ್ತಿದ್ದ ಅಣ್ಣ ನಿಂತಲ್ಲೇ ಹಿಡಿಯನ್ನು ಬಿಗಿಹಿಡಿದ.

ಶಟರಿನ ಕೆಳಗಿನಿಂದ ಯಾರೋ ಬಗ್ಗಿ ನೋಡಿದರು. ಶಟರ್ ಮತ್ತೆ ಮೇಲೆ ಹೋಯಿತು. ಅಣ್ಣನ ಗಾಡಿ ಮುಂದಕ್ಕೆ ಉರುಳಿತು.

ಸೀಟಿ ಮಾಮ ಸೀಟಿಯನ್ನು ಬಾಯಿಂದ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ದಿನಾ ಓಡಿಯೇ ರಸ್ತೆ ದಾಟುವ ಬುಗುರಿ ಇವತ್ತು ಓಡಲಿಲ್ಲ. ಎಲ್ಲರಿಗಿಂತ ಚಿಕ್ಕವನ ಕೈ ಹಿಡಿದು ಸಾಲಿನ ಕೊನೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ದಾಟಿದಳು. ಇವತ್ತಿಗೆ ಒಂದು ಸೀಟಿ ಸಾಕು. ಎರಡನೆಯದು ಊದುವ ಕೆಲಸ ತನ್ನಿಂದ ಮಾಮನಿಗೆ ಬರಬಾರದು ಅಂದುಕೊಂಡಳು.