ಹಿಂದೆ ಬರಬೇಕಾಗಿದ್ದ ಲಾರಿ

ಕಣಿವೆಯ ಏರುದಾರಿ ಹಿಡಿದೊಡನೆ ಎರಡೂ ಲಾರಿಗಳ ಉಸಿರುಗಾಲಿಗಳು ಬುಸ್ಸೆಂದು ತುಸು ಗಾಳಿ ಬಿಟ್ಟವು. ಚಳಿಗೆ ಟೈರಿನೊಳಗಿನ ಗಾಳಿ ಕುಗ್ಗುತ್ತದೆ; ಕುಗ್ಗಿದ ಟೈರು ಗಟ್ಟಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಮೆತ್ತನೆಯ ಹಿಮದಲ್ಲಾದರೋ ಕೊಂಚ ಚಪ್ಪಟೆಯಾದ ಟೈರೇ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಎಲ್ಲಿ ತುಂಬಿಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಉಸಿರುಗಾಲಿ ತಾನೇ ನೋಡಿಕೊಳ್ಳುತ್ತಿತ್ತು. ಅದನ್ನು ರೂಪಿಸಿದ ವಿಜ್ಞಾನಿ ವತ್ಸಲಾ ಅದಕ್ಕೆ ಕಲಿಸಿದ್ದು ಒಂದೇ ಮಾತು: ಆದಷ್ಟು ಸವೆಯದಿರು.

ಹಿಮಾಲಯದ ಆ ದಾರಿಯಲ್ಲಿ ಲಾರಿಗಳು ಜೋಡಿಯಾಗಿ ಹೋಗುವುದು ವಾಡಿಕೆ. ಹಿಟ್ಟಿನ ಮೂಟೆ ಹೇರಿದ ಭಾರದ ಲಾರಿ ಮುಂದೆ ಹಿಮ ತುಳಿಯಬೇಕು. ಒಲೆ, ರಜಾಯಿ ಇರುವ ಹಗುರ ಲಾರಿ ಅದರ ಜಾಡಿನಲ್ಲೇ ಬರಬೇಕು. ಮುಂದಿನವನು ಸಿಕ್ಕಿಕೊಂಡರೆ ಗಾಡಿ ಬಿಟ್ಟಿಳಿಯಬಾರದು. ಹಿಂದಿನವನು ಬಂದೇ ಬರುತ್ತಾನೆ. ಅಂದು ಮುಂದಿದ್ದವನು ಸಿಂದಗಿಯ ಮಲಕಾಜಪ್ಪ. ಹಿಂದೆ, ಅವನೊಡನೆ ಒಂದೇ ತಟ್ಟೆಯಲ್ಲಿ ಉಂಡ ಗುರಲಿಂಗ.

"ಲಗೂನ ಬಾರಪಾ, ಮದುಮಗಳಂಗ ನಾಚಬ್ಯಾಡ!" ಎಂದು ನಗುತ್ತಲೇ ಮಲಕಾಜಪ್ಪ ಹೊರಟಿದ್ದ.

ಮೇಲಿನ ತಿರುವಿನಲ್ಲಿ ಅವನ ಲಾರಿ ಹಿಮದ ಗುಡ್ಡೆಯಲ್ಲಿ ಹೂತು, ಎಂಜಿನ್ ನಿಂತಿತು. ಹಾರ್ನ್ ಒತ್ತಿದ. ಕೆಳಗಿನಿಂದ ಗುರಲಿಂಗನ ಹಾರ್ನ್ ಓಗೊಟ್ಟಿತು. ಲಾರಿ ಮಾತ್ರ ಬರಲಿಲ್ಲ. ಮತ್ತೆ ಒತ್ತಿದ, ಮತ್ತೆ ಓಗೊಟ್ಟಿತು. ಸಂಜೆ ರಕ್ಷಣಾ ತಂಡ ತಲುಪುವಷ್ಟರಲ್ಲಿ ಅವನ ಕಾಲ್ಬೆರಳುಗಳು ಕಪ್ಪಾಗಿದ್ದವು.

ಆಸ್ಪತ್ರೆಗೆ ವತ್ಸಲಾ ತಾವಾಗಿಯೇ ಬಂದರು. ಗುರಲಿಂಗ ಬಾಗಿಲಲ್ಲೇ ನಿಂತಿದ್ದ.

"ನಿಮ್ಮ ಗೆಳೆಯರದು ತಪ್ಪಿಲ್ಲ," ಎಂದರು ಅವರು, ಮಂಚದಲ್ಲಿದ್ದ ಮಲಕಾಜಪ್ಪನಿಗೆ. "ಈ ಗಾಲಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಬೇರೆಯವರು ತುಳಿದ ಹಿಮದಲ್ಲಿ ಸವೆತ ಕಡಿಮೆಯೆಂದು ಹಿಂದಿನ ಲಾರಿಯ ಗಾಲಿಗಳು ಕಲಿತುಕೊಂಡಿವೆ. ನಿಮ್ಮವು ನಿಂತ ಸುದ್ದಿ ಬಂದೊಡನೆ, ಇನ್ಯಾರಾದರೂ ಮುಂದೆ ತುಳಿಯಲಿ ಎಂದು ಪೂರ್ತಿ ಗಾಳಿ ಬಿಟ್ಟು ಕೂತುಬಿಟ್ಟವು. ಇದನ್ನು ನಾನು ಎಣಿಸಿಯೇ ಇರಲಿಲ್ಲ."

"ಅಂದ್ರ ಗಾಲಿಗೂ ಮೈಗಳ್ಳತನ ಬಂತೇನ್ರಿ ಅಕ್ಕಾರ?" ಎಂದ ಮಲಕಾಜಪ್ಪ.

"ಬಂದಿದೆ. ಕಲಿಸಿದವಳು ನಾನೇ."

ಗುರಲಿಂಗನ ಮುಖ ಹಗುರಾಯಿತು. "ಕೇಳಿದೆಲ್ಲೋ ಮಲಕಣ್ಣಾ? ನಂದೇನೂ ಇಲ್ಲ."

"ಎಷ್ಟು ದೂರ ಇದ್ದಿ?"

"ಎರಡು ತಿರುವು ಕೆಳಗ."

"ಒಲಿ ಹಚ್ಚಿದ್ದೇನು?"

ಗುರಲಿಂಗ ವತ್ಸಲಾರ ಕಡೆ ನೋಡಿದ. "ಚಳಿ ಭಾಳ ಇತ್ತಲ್ಲೋ..."

"ಗಾಲಿ ನಿಂತ್ವು, ಖರೆ. ಒಂದು ರಜಾಯಿ ಹೆಗಲಿಗೆ ಹಾಕ್ಕೊಂಡು ನೀ ನಡಕೋತ ಬರಲಿಲ್ಲ ಯಾಕ?"

ಅದು ವತ್ಸಲಾರನ್ನು ಕೇಳಿದ ಪ್ರಶ್ನೆಯಾಗಿರಲಿಲ್ಲ.

"ಈಗ ಹೊಂಡತಾವ, ಈಗ ಹೊಂಡತಾವ ಅಂತ ಗಾಲಿ ಕಾಯ್ಕೋತ ಕುಂತೆ," ಎಂದ ಗುರಲಿಂಗ.

ಮಲಕಾಜಪ್ಪ ಗೋಡೆಯ ಕಡೆಗೆ ಹೊರಳಿ ಮಲಗಿದ.