ಇನ್ನೂರ ಹನ್ನೊಂದು ಕಲ್ಲುಗಳು

"ರೀ! ಒರೆಸ್ಬೇಡಿ! ನಿಲ್ಸಿ!"

ಏಣಿಯ ಮೇಲಿದ್ದ ಅವಳು ತಿರುಗಿದಳು. ಕೈಯಲ್ಲಿ ಒದ್ದೆ ಬಟ್ಟೆ, ಕಣ್ಣಲ್ಲಿ ಕಿಡಿ. ಕೆಳಗೆ ಬಕೆಟ್ಟಿನ ನೀರು ಸೀಮೆಸುಣ್ಣ ಕರಗಿ ಬೆಳ್ಳಗಾಗಿತ್ತು.

"ಒರೆಸ್ತೀನಿ! ನಂಬರ್ ಹಾಕಿ ಗೋಪುರ ಮಾರೋಕೆ ನೀವ್ಯಾರು?"

ವಿಕ್ಟೋರಿಯಾ ರಾಣಿಯ ಕಾಲದ ಆ ಬಂಗಲೆಗೆ ಅವಳು ಎಂಟು ವರ್ಷದಿಂದ ಗೈಡ್. ಕಟ್ಟಿಸಿದವನು ಸಾಬೂನಿನ ವ್ಯಾಪಾರಿ. ಜನ್ಮದಲ್ಲಿ ಕತ್ತಿ ಹಿಡಿದವನಲ್ಲ. ಆದರೂ ಅವನಿಗೆ ಕೋಟೆಯೇ ಬೇಕಿತ್ತು! ನಾಲ್ಕು ಮೂಲೆಗೆ ಗೋಪುರ, ಗೋಡೆಯಲ್ಲಿ ಬಾಣ ಬಿಡುವ ಕಿಂಡಿ, ಕಿಂಡಿಯ ಹಿಂದೆ... ಬಚ್ಚಲುಮನೆ. ಈ ಮಾತಿಗೆ ಪ್ರವಾಸಿಗರು ದಿನಕ್ಕೆ ನಾಲ್ಕು ಸಲ ನಗುತ್ತಿದ್ದರು.

ಮೂರು ವಾರದ ಹಿಂದೆ ಬಂದ, ಈಗ ಏಣಿಯ ಕೆಳಗೆ ನಿಂತು ಕೂಗುತ್ತಿದ್ದ ಈ ಎಂಜಿನಿಯರ್ ಮಾತ್ರ ನಗದೆ ಕೇಳುತ್ತಿದ್ದ. ಒಂದೇ ಕಥೆ, ಹನ್ನೊಂದು ಸಲ! ತನಗಾಗಿಯೇ ಬರುತ್ತಾನೆಂದು ಅವಳು ನಂಬಿಬಿಟ್ಟಿದ್ದಳು. ಇವತ್ತು ಒಂದು ಗೋಪುರಕ್ಕೆ ಅವನು ಕಟ್ಟಿಸಿದ್ದ ಪರದೆ ಸರಿದರೆ ಕಲ್ಲುಕಲ್ಲಿಗೂ ಸೀಮೆಸುಣ್ಣದ ಸಂಖ್ಯೆ, ಗೇಟಿನಲ್ಲಿ ಕ್ರೇನು.

"ಮಾರ್ತೀವಿ ಅಂತ ಯಾರು ಹೇಳಿದ್ದು?"

"ವಾಚ್‌ಮನ್ ಮಾವ. ನಂಬರ್ ಬಿತ್ತು ಅಂದ್ರೆ ಹರಾಜೇ ಅಂದ್ರು."

ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಅಡಿಪಾಯ ಕುಸೀತಿದೆ ಕಣ್ರೀ. ಕಲ್ಲು ಇಳಿಸಿ, ಅಡಿಪಾಯ ಗಟ್ಟಿ ಮಾಡಿ, ಮತ್ತೆ ಅದೇ ಕಲ್ಲು ಅದೇ ಜಾಗಕ್ಕೆ. ಅದಕ್ಕೇ ನಂಬರ್! ಮಾರೋನಿಗೆ ಯಾವ ಕಲ್ಲು ಎಲ್ಲಿತ್ತು ಅಂತ ಯಾಕೆ ಬೇಕು?"

ಬಟ್ಟೆ ಅವಳ ಕೈಯಿಂದ ಜಾರಿತು. ಅಯ್ಯೋ... ಉಳಿಸಲು ಬಂದವನ ಕೈಯನ್ನೇ ಕಟ್ಟಿಹಾಕಿದೆನೇ?

"ಮೊದಲೇ ಹೇಳೋಕೆ ಬಾಯಿರ್ಲಿಲ್ವಾ?"

"ನೀವು ಮಾತಾಡ್ತಿರುವಾಗ ಬೇರೆಯವರಿಗೆ ಸಂದಿ ಎಲ್ಲಿ?"

ಸಿಟ್ಟು ಬಂತು. ಅಳುವೂ ಬಂತು. ಯಾವುದನ್ನು ಮೊದಲು ಬಿಡಬೇಕೋ ತಿಳಿಯಲಿಲ್ಲ.

"ಎಷ್ಟು ಒರೆಸಿದೀನಿ?"

"ಇದ್ದ ಇನ್ನೂರ ಹನ್ನೊಂದೂ. ನಾಳೆ ಬೆಳಗ್ಗೆ ಇಳಿಸ್ಲೇಬೇಕು. ಮಳೆ ಹಿಡಿದ್ರೆ ಗೋಪುರ ತಾನಾಗೇ ಇಳಿಯುತ್ತೆ."

"ನಕ್ಷೆ ತನ್ನಿ. ಈ ಗೋಡೆಯ ಒಂದೊಂದು ಕಲ್ಲಿನ ಮುಖವೂ ನನಗೆ ಗೊತ್ತು."

ಅವಳು ಕಲ್ಲು ತೋರಿಸಿ ಕೇಳಿದಳು, ಅವನು ನಕ್ಷೆ ನೋಡಿ ಸಂಖ್ಯೆ ಓದಿದ, ಅವಳು ಬರೆದಳು. "ತುಕ್ಕಿನ ಕಲೆ ಇರೋದು?" "ನಲವತ್ತೇಳು." "ಅದರ ಪಕ್ಕ, ಮೂಲೆ ಒಡೆದಿದ್ದು?" "ಅರವತ್ತು." "ನಲವತ್ತೇಳರ ಪಕ್ಕ ಅರವತ್ತು ಹೇಗ್ರೀ? ಕಣ್ಣು ಎಲ್ಲಿದೆ?" ಅವನ ಕಣ್ಣು ನಕ್ಷೆಯ ಮೇಲಿರಲಿಲ್ಲ.

ಸಂಜೆ ಕೊನೆಯ ಕಲ್ಲೂ ಮುಗಿಯಿತು.

"ಒಂದೇ ಕಥೆ ಹನ್ನೊಂದು ಸಲ ಯಾಕೆ ಕೇಳಿದ್ರಿ?"

"ಮೊದಲ ಸಲ ಕಟ್ಟಡಕ್ಕೆ."

"ಮಿಕ್ಕ ಹತ್ತು?"

ಅವನ ಕಿವಿ ಕೆಂಪಾಯಿತು. "ಕಟ್ಟಡ ಅಷ್ಟೇನೂ ಚೆನ್ನಾಗಿಲ್ಲ..."

ಅವಳು ಅವನ ಅಂಗೈ ಹಿಡಿದು ಸೀಮೆಸುಣ್ಣದಲ್ಲಿ ಬರೆದಳು: ೨೧೨.

"ಇದೇನು?"

"ಎಲ್ಲಿಗೆ ಹೋದ್ರೂ ವಾಪಸ್ ಇದೇ ಜಾಗಕ್ಕೆ ಬರ್ಬೇಕು. ಒರೆಸ್ಬೇಡಿ."

ಅವನು ಮೆಲ್ಲನೆ ಮುಷ್ಟಿ ಮುಚ್ಚಿದ.

"ಒರೆಸೋ ಚಾಳಿ ನನಗಿಲ್ಲ."