ಅಜ್ಜಿಯ ಪಕ್ಕದ ಎರಡು ಕುರ್ಚಿ

"ಅಂಕಲ್, ಈ ಕರ್ಚೀಫ್ ನಿಮ್ಮದಾ?"

ಖಾಲಿ ಕುರ್ಚಿಯ ಮೇಲಿಂದ ವಿನಿತಾ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದ ನೀಲಿ ಕರ್ಚೀಫನ್ನು ಕಂಡು ಆ ಅಂಕಲ್ ಹಲ್ಲು ಕಿರಿದರು. "ನನ್ನದೇ ಮಾರಾಯ್ತಿ. ಬೆವರು ಒರಸ್ಲಿಕ್ಕೆ ತಂದದ್ದು."

"ಹಾಗಾದ್ರೆ ಕಿಸೆಯಲ್ಲೇ ಇಟ್ಕೊಳ್ಳಿ ಅಂಕಲ್. ಕುರ್ಚಿ ಬೆವರೂದಿಲ್ಲ ಅಲ್ವಾ?"

ಸುತ್ತ ಇದ್ದವರೆಲ್ಲ ನಕ್ಕರು. ಅಂಕಲ್ ಕೂಡ ನಕ್ಕು ಕರ್ಚೀಫನ್ನು ಜೇಬಿಗೆ ತುರುಕಿಕೊಂಡರು. ವಿನಿತಾಳ ಹಿಂದೆ ಪ್ಲಾಸ್ಟಿಕ್ ಬುಟ್ಟಿ ಹಿಡಿದುಕೊಂಡು ಬರುತ್ತಿದ್ದ ನವನೀತ್ ಮಾತ್ರ ನಗಲಿಲ್ಲ. ಅವನು ಇಂತಹ ಕೆಲಸಗಳನ್ನು ಪೊಲೀಸರ ಹಾಗೆ ಮಾಡುವ ಹುಡುಗ.

ಅಂದು ಶುಕ್ರವಾರ. ಬಹರೈನಿನಲ್ಲಿ ರಜೆ ಶುಕ್ರವಾರ, ಹಾಗಾಗಿ ಇವರ ಸಂಡೇ ಸ್ಕೂಲ್ ನಡೆಯುವುದೂ ಶುಕ್ರವಾರವೇ! ಮನಾಮಾದ ಆ ಹಾಲ್‌ನಲ್ಲಿ ಮಲಯಾಳಿಗಳ ಆರಾಧನೆ ಮುಗಿದ ಮೇಲೆ ಕನ್ನಡ ಸಭೆಯವರ ಸರದಿ. ಅವರು ಒಂದು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ ಹಾಗೆಯೇ ಇವರು ಇನ್ನೊಂದು ಬಾಗಿಲಿನಿಂದ ಒಳಗೆ ನುಗ್ಗುತ್ತಿದ್ದರು. ಊರಿನಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತಾರಲ್ಲ, ಆ ಅಭ್ಯಾಸ ಸಮುದ್ರ ದಾಟಿ ಬಂದರೂ ಹೋಗಿರಲಿಲ್ಲ. ಒಬ್ಬರು ಬಂದು ಮನೆಮಂದಿಗೆಲ್ಲ ಕುರ್ಚಿ ಹಿಡಿದಿಡುತ್ತಿದ್ದರು.

ಟುಬ್ಲಿಯ ಗ್ಯಾರೇಜುಗಳಲ್ಲಿ ಕೆಲಸ ಮಾಡುವವರು ಕಂಪೆನಿ ಬಸ್ಸಿನಲ್ಲಿ ಬರುವವರು. ಅವರು ಬಂದು ಮುಟ್ಟುವಾಗ ಎಲ್ಲ ಕುರ್ಚಿಗಳ ಮೇಲೂ ಏನಾದರೊಂದು ಕೂತಿರುತ್ತಿತ್ತು, ಮನುಷ್ಯರೊಬ್ಬರನ್ನು ಬಿಟ್ಟು. ಅವರಲ್ಲೊಬ್ಬರಾದ ಸುಧೀರ್ ಮಾಮ ಮತ್ತು ಜೊತೆಯವರು ಬಾಗಿಲ ಬಳಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ವಾರವಿಡೀ ಕಾರುಗಳ ಕೆಳಗೂ ಮೇಲೂ ಕೆಲಸ ಮಾಡಿ ಬಂದವರು ರಜೆಯ ದಿನವೂ ನಿಂತೇ ಇರುವುದನ್ನು ನೋಡಿ ವಿನಿತಾಗೆ ಬೇಸರವಾಗುತ್ತಿತ್ತು.

ಹಿಂದಿನ ಶುಕ್ರವಾರ ಸಂಡೇ ಸ್ಕೂಲಿನಲ್ಲಿ ಉಷಾಲತಾ ಟೀಚರ್ ಬೈಬಲಿನ ಆಸ ಎಂಬ ಅರಸನ ಕತೆ ಹೇಳಿದ್ದರು. ತುಂಬಾ ಹಿಂದೆ ಯೆಹೂದ ಎಂಬ ನಾಡನ್ನು ಆಳಿದವನು ಆಸ. ಜನ ದೇವರ ಆಜ್ಞೆ ಮರೆತು ಮನಸ್ಸಿಗೆ ಬಂದ ಹಾಗೆ ನಡೆಯುತ್ತಿದ್ದಾಗ ಅದನ್ನೆಲ್ಲ ಸರಿಮಾಡಲು ಹೊರಟವನು. ಆದರೆ ಅವನ ಅಜ್ಜಿ, ಮಾಕ ಎಂಬವಳೇ, ಆಜ್ಞೆ ಮೀರಿ ಒಂದು ಮೂರ್ತಿ ಮಾಡಿಸಿಟ್ಟಿದ್ದಳು. ಅವಳು ಅಂತಿಂಥವಳಲ್ಲ, ರಾಜಮಾತೆ! ಆಸ ಆ ಮೂರ್ತಿಯನ್ನು ಸುಡಿಸಿದ, ಅಜ್ಜಿಯನ್ನು ಆ ಪದವಿಯಿಂದ ಇಳಿಸಿದ.

"ಸ್ವಂತ ಅಜ್ಜಿಯನ್ನಾ?" ಎಂದು ನವನೀತ್ ಬಾಯಿ ಬಿಟ್ಟಿದ್ದ.

"ಹೌದು, ಸ್ವಂತ ಅಜ್ಜಿಯನ್ನೇ. ಈಗ ಹೇಳಿ, ನಮ್ಮಲ್ಲಿ ಎಂತದು ಸರಿ ಆಗ್ಬೇಕು?" ಎಂದು ಟೀಚರ್ ಕೇಳಿದಾಗ ವಿನಿತಾ ಥಟ್ಟನೆ ಕರ್ಚೀಫಿನ ಮಾತೆತ್ತಿದ್ದಳು. ಪಾಸ್ಟರ್‌ಗೂ ಅದು ಹಿಡಿಸಿತು. ಮುಂದಿನ ವಾರ ಮಕ್ಕಳೇ ಆರಾಧನೆ ನಡೆಸುವ ವಾರ, ಅಂದಿನಿಂದ ಯಾರೂ ಕುರ್ಚಿ ಹಿಡಿಯಬಾರದು, ವಿನಿತಾಳೇ ಲೀಡರ್ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು.

ಎಲ್ಲರಿಗಿಂತ ಜಾಸ್ತಿ ಹಿಗ್ಗಿದವರು ವಿನಿತಾಳ ಬೇಬಿ ಅಜ್ಜಿ. "ಒಳ್ಳೇ ಕೆಲಸ ಮಾಡಿದೆ ಮಗಾ. ಆ ಕರ್ಚೀಫ್‌ನವರಿಗೆ ಸ್ವಲ್ಪ ಬುದ್ಧಿ ಬರ್ಲಿ" ಎಂದು ವಾರವಿಡೀ ಹೇಳಿದ್ದೇ ಹೇಳಿದ್ದು. ಫೋನಿನಲ್ಲಿ ಊರಿಗೂ ಸುದ್ದಿ ಮುಟ್ಟಿಸಿದ್ದರು.

ಈಗ ಅದೇ ಅಜ್ಜಿ ಮುಂದಿನ ಸಾಲಿನಲ್ಲಿ, ಎ.ಸಿ.ಯ ಕೆಳಗೆ, ನೆಟ್ಟಗೆ ಕೂತಿದ್ದರು. ಅವರ ಪಕ್ಕದ ಎರಡು ಕುರ್ಚಿ ಖಾಲಿ. ಒಂದರ ಮೇಲೆ ಕನ್ನಡಕದ ಡಬ್ಬಿ, ಇನ್ನೊಂದರ ಮೇಲೆ ಆರಾಧನೆಯ ಹಾಡುಗಳ ಸಂಗೀತ ಪುಸ್ತಕ.

ವಿನಿತಾ ಅದನ್ನು ನೋಡಿದಳು. ನೋಡಿಯೂ ನೋಡದವಳ ಹಾಗೆ ಪಕ್ಕದ ಸಾಲಿಗೆ ತಿರುಗಿದಳು.

ಆ ಕುರ್ಚಿಗಳು ಯಾರಿಗೆಂದು ಅವಳಿಗೆ ಗೊತ್ತಿತ್ತು. ಬುದಯ್ಯ ಎಂಬ ಊರಿನಿಂದ ಇಬ್ಬರು ಅಜ್ಜಿಯರು ಬರುತ್ತಾರೆ. ಇಬ್ಬರೂ ಉಡುಪಿ ಕಡೆಯವರು, ಬೇಬಿ ಅಜ್ಜಿಯ ಹಾಗೆಯೇ ಮಕ್ಕಳ ಮನೆಗೆಂದು ಬಂದವರು. ಹೂರಾದ ತಮ್ಮ ಫ್ಲ್ಯಾಟಿನಲ್ಲಿ ಡ್ಯಾಡಿ, ಮಮ್ಮಿ ಆಫೀಸಿಗೆ, ವಿನಿತಾ ಸ್ಕೂಲಿಗೆ ಹೋದರೆ ಅಜ್ಜಿಗೆ ಮಾತಾಡಲು ಜನವಿಲ್ಲ. ವಿನಿತಾಗೆ ತುಳು ಅರ್ಥವಾಗುತ್ತದೆ, ಆದರೆ ಉತ್ತರ ಕೊಡುವಾಗ ಕನ್ನಡವೋ ಇಂಗ್ಲಿಷೋ ಬಂದುಬಿಡುತ್ತದೆ. ಆ ಇಬ್ಬರ ಜೊತೆ ಕೂತು ತುಳುವಿನಲ್ಲಿ ಪಿಸುಗುಟ್ಟುವ ಶುಕ್ರವಾರಕ್ಕಾಗಿ ಅಜ್ಜಿ ಶನಿವಾರದಿಂದಲೇ ಕಾಯುತ್ತಿದ್ದರು.

"ವಿನಿತಾ, ಅಲ್ಲಿ ಎರಡು ಬಾಕಿ ಉಂಟು" ಎಂದ ನವನೀತ್.

"ಆಮೇಲೆ."

"ಆಮೇಲೆ ಎಂತಕ್ಕೆ? ನಿನ್ನ ಅಜ್ಜಿ ಅಂತಲಾ? ದಟ್ ಈಸ್ ನಾಟ್ ಫೇರ್!"

"ಮೆಲ್ಲ ಮಾತಾಡೋ!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಬಿಸಿಗಾಳಿಯ ಜೊತೆ ಟುಬ್ಲಿಯವರು ಒಳಗೆ ಬಂದರು. ಖಾಲಿ ಕುರ್ಚಿ ಕಂಡು ಅವರಿಗೇ ನಂಬಿಕೆಯಾಗಲಿಲ್ಲ. ಒಬ್ಬೊಬ್ಬರಾಗಿ ಕೂತರು. ಸುಧೀರ್ ಮಾಮ ಮತ್ತು ಇನ್ನೊಬ್ಬರು ಮಾತ್ರ ಉಳಿದರು. ಅವರು ಎಂದಿನಂತೆ ಗೋಡೆಯ ಕಡೆ ಹೊರಟರು.

ನೀಲಿ ಕರ್ಚೀಫಿನ ಅಂಕಲ್ ವಿನಿತಾಳನ್ನೇ ನೋಡುತ್ತಿದ್ದರು. ಅವರ ಕರ್ಚೀಫ್ ಎತ್ತುವಾಗ ಎಷ್ಟು ಸುಲಭವಾಗಿ ತಮಾಷೆ ಮಾಡಿದ್ದೆ ಎಂದು ನೆನಪಾಗಿ ವಿನಿತಾಗೆ ನಾಚಿಕೆಯಾಯಿತು. ಅವಳು ಅಜ್ಜಿಯ ಬಳಿಗೆ ಹೋದಳು.

"ಅಜ್ಜಿ, ಇದು..."

"ಇದು ಕರ್ಚೀಫ್ ಅಲ್ಲ ಮಗಾ" ಎಂದರು ಅಜ್ಜಿ ಬೇಗ ಬೇಗ. "ಕನ್ನಡಕದ ಡಬ್ಬಿ."

ಬೇರೆ ಹೊತ್ತಿನಲ್ಲಾಗಿದ್ದರೆ ವಿನಿತಾ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗು ಬರಲಿಲ್ಲ. "ಅದನ್ನೂ ಇಡ್ಲಿಕ್ಕಿಲ್ಲ ಅಜ್ಜಿ."

"ಅವರಿಬ್ಬರು ಈಗ ಬರ್ತಾರೆ. ದಾರಿಯಲ್ಲಿದ್ದಾರೆ."

"ಎಲ್ಲರೂ ಹಾಗೆಯೇ ಹೇಳಿದ್ರು."

ಅಜ್ಜಿ ಅವಳ ಮುಖ ನೋಡಿದರು. "ನನ್ನದೂ ತೆಗಿಬೇಕಾ?"

"ನಿಮ್ಮದು ಫಸ್ಟ್ ತೆಗಿಬೇಕಿತ್ತು ಅಜ್ಜಿ. ನಾನು ಕಂಡೂ ಕಾಣದ ಹಾಗೆ ಹೋದದ್ದು."

ಅಜ್ಜಿ ಡಬ್ಬಿಯನ್ನೂ ಪುಸ್ತಕವನ್ನೂ ತಾವೇ ಎತ್ತಿ ಚೀಲಕ್ಕೆ ಹಾಕಿಕೊಂಡರು. ವಿನಿತಾ ಕರೆದಾಗ ಸುಧೀರ್ ಮಾಮ ಮತ್ತು ಜೊತೆಯವರು ಬಂದು ಸಂಕೋಚದಿಂದ ಆ ಕುರ್ಚಿಗಳ ತುದಿಯಲ್ಲಿ ಕೂತರು.

ಮೊದಲ ಹಾಡು ಶುರುವಾದ ಮೇಲೆ ಬುದಯ್ಯದ ಅಜ್ಜಿಯರು ಬಂದರು. ಅವರನ್ನು ಕಂಡ ಕೂಡಲೇ ಸುಧೀರ್ ಮಾಮ ಎದ್ದು ನಿಂತರು. ಬೇಬಿ ಅಜ್ಜಿ ಅವರ ಭುಜ ಒತ್ತಿ ಕೂರಿಸಿದರು. ಆಮೇಲೆ ತಾವೇ ಎದ್ದು, ಸೆರಗು ಸರಿಮಾಡಿಕೊಂಡು, ಹಿಂದಿನ ಗೋಡೆಯ ಬಳಿ ಎಲ್ಲರೂ ಚೀಲ ಇಡುತ್ತಿದ್ದ ಉದ್ದ ಬೆಂಚಿಗೆ ನಡೆದು ಜಾಗ ಮಾಡಿಕೊಂಡರು. ಗೆಳತಿಯರೂ ಅಲ್ಲಿಗೇ ಹೋದರು. ಅಲ್ಲಿಗೆ ಎ.ಸಿ.ಯ ಗಾಳಿ ಮುಟ್ಟುವುದಿಲ್ಲ.

ಸ್ಟೇಜಿನ ಮೇಲೆ ಹಾಡುತ್ತಿದ್ದ ವಿನಿತಾಗೆ ಅಜ್ಜಿ ಸೆರಗಿನಿಂದ ಕುತ್ತಿಗೆ ಒರಸಿಕೊಳ್ಳುವುದು ಕಾಣುತ್ತಿತ್ತು. ಅವಳಿಗೆ ಅಳು ಬಂತು. ಎರಡನೇ ಚರಣವನ್ನು ತಪ್ಪಿ ಎರಡು ಸಲ ಹಾಡಿದಳು. ಸ್ವಲ್ಪ ಹೊತ್ತಿಗೆ ಬೆಂಚಿನ ಮೇಲೆ ಮೂರು ತಲೆಗಳು ಒಟ್ಟಾದವು, ಒಂದು ಕಿಸಕ್ಕನೆ ನಕ್ಕಿತು. ಆದರೂ ಅಜ್ಜಿ ಸ್ಟೇಜಿನ ಕಡೆ ತಿರುಗಲಿಲ್ಲ.

ಆರಾಧನೆ ಮುಗಿದ ಮೇಲೆ ಎಷ್ಟೋ ಜನ ಬಂದು ವಿನಿತಾಳ ಬೆನ್ನು ತಟ್ಟಿದರು. ನೀಲಿ ಕರ್ಚೀಫಿನ ಅಂಕಲ್ ಅವಳಿಗೆ ಎರಡು ಸಮೋಸ ತಂದುಕೊಟ್ಟರು. ಅವಳು ಎರಡನ್ನೂ ನವನೀತ್‌ಗೆ ಕೊಟ್ಟುಬಿಟ್ಟಳು.

ಕಾರಿನಲ್ಲಿ ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಡ್ಯಾಡಿ, ಮಮ್ಮಿ ಮುಂದಿನ ಸೀಟಿನಲ್ಲಿದ್ದರು. ಸಿಗ್ನಲ್‌ನಲ್ಲಿ ಕಾರು ನಿಂತಾಗ ಅಜ್ಜಿ ತಿರುಗದೆಯೇ ಕೇಳಿದರು, "ಆ ಅರಸನ ಅಜ್ಜಿ ಆಮೇಲೆ ಎಂತ ಮಾಡಿದ್ಲು?"

"ಗೊತ್ತಿಲ್ಲ ಅಜ್ಜಿ. ಟೀಚರ್ ಹೇಳ್ಲಿಲ್ಲ."

"ಎಂತ ಮಾಡ್ತಾಳೆ? ಸಿಟ್ಟು ಮಾಡಿರ್ತಾಳೆ. ಎರಡು ದಿನ ಮಾತು ಬಿಟ್ಟಿರ್ತಾಳೆ."

"ಎರಡು ದಿನವಾ?" ವಿನಿತಾಳ ದನಿ ಸಣ್ಣದಾಯಿತು.

ಅಜ್ಜಿ ಇನ್ನೂ ಗಡುಸಾಗಿಯೇ ಇದ್ದ ದನಿಯಲ್ಲಿ ಕೇಳಿದರು, "ಬೆಳಿಗ್ಗೆಯಿಂದ ಎಂತಾದ್ರೂ ತಿಂದಿದ್ದೀಯಾ ನೀನು?"

"ಇಲ್ಲ."

"ನನಗೆ ಗೊತ್ತಿತ್ತು. ಮನೆಯಲ್ಲಿ ನೀರುದೋಸೆ ಹಿಟ್ಟು ಉಂಟು."

ಸಿಟ್ಟು ಅಜ್ಜಿಯ ಮುಖದಲ್ಲಿ ಇನ್ನೂ ಹಾಗೆಯೇ ಇತ್ತು. ಆದರೆ ಅದರ ಪಕ್ಕದಲ್ಲಿ ತನಗೂ ಜಾಗ ಉಂಟು ಎಂದು ವಿನಿತಾಗೆ ಅನ್ನಿಸಿತು. ಅವಳು ಮೆಲ್ಲಗೆ ಅಜ್ಜಿಯ ಹತ್ತಿರಕ್ಕೆ ಸರಿದು ಕೂತಳು.